ಬೆಳ್ಳಿಯ ಗುಗ್ಗೆಕಡ್ಡಿ

ನನಗೆ ಬಾಯಿ ಜಾಸ್ತಿ ಎಂದು ಇಡೀ ದೇವರಾಜ ಮೊಹಲ್ಲಾಕ್ಕೆ ಗೊತ್ತು. ಇರಲಿ. ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುವವಳು ಬಾಯಿ ಮುಚ್ಚಿಕೊಂಡು ಕೂತರೆ ಎಲೆ ಬುಟ್ಟಿಯಲ್ಲೇ ಬಾಡುತ್ತದೆ. ಆದರೆ ಇದೇ ಬಾಯಿಗೆ ಪಕ್ಕದ ಮನೆಯ ವೇದಮ್ಮ ಒಂದು ಬೀಗ ಹಾಕಿದ್ದರು. ಹೋದ ಆಷಾಢದಲ್ಲಿ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ನಾನು ಎಲೆ ಕೊಡಲು ಹೋದಾಗ, ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ ಹೆಂಗಸೊಬ್ಬಳು ಇನ್ನೊಬ್ಬಳಿಗೆ, 'ಪಾಪ, ಮಗಳನ್ನ ಕೈಯಾರೆ ಕೊಂದವಳು' ಎಂದಳು. ತಿಂದ ಅನ್ನ ಇನ್ನೂ ಗಂಟಲಿಂದ ಇಳಿದಿರಲಿಲ್ಲ ಅವಳಿಗೆ! ಇನ್ನು ನಾನು ಬಾಯಿ ಮುಚ್ಚಿಕೊಂಡು ಇರುವುದಿಲ್ಲ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ವೇದಮ್ಮನ ಪೂರ್ತಿ ಹೆಸರು ವೇದವತಿ. ಅವರ ಯಜಮಾನರು ಅನಂತಪದ್ಮನಾಭಯ್ಯನವರು, ಅರಮನೆ ಕಚೇರಿಯಲ್ಲಿ ಗುಮಾಸ್ತರು. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ನಾಗಮಣಿ, ಚಿಕ್ಕವಳು ಚಂದ್ರಮತಿ. ಎಂಥ ಮಡಿಯ ಮನೆ ಅಂತೀರಿ! ಸೌದೆಯನ್ನೂ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುವವರು. ನಾನು ದಿನಾ ಬೆಳಿಗ್ಗೆ ಎಲೆ ತಂದು ಹೊಸ್ತಿಲ ಹೊರಗೆ ಇಟ್ಟು ನಿಲ್ಲಬೇಕು. ವೇದಮ್ಮ ಅದಕ್ಕೂ ನೀರು ಚಿಮುಕಿಸಿ, ನಕ್ಕು, ಎರಡು ಮಾತಾಡಿ ಒಳಗೆ ಒಯ್ಯುತ್ತಿದ್ದರು.

ಅಯ್ಯನವರಿಗೆ ಚಿಕ್ಕಂದಿನಿಂದ ಎಡಗಿವಿ ಸೋರುತ್ತಿತ್ತು. ಯಾವಾಗಲೂ ಹತ್ತಿಯ ಉಂಡೆ. ಸ್ನಾನ ಮುಗಿಸಿ ಜಗುಲಿಯ ಬಿಸಿಲಿಗೆ ಬಂದು ಕೂತು ಹತ್ತಿ ತೆಗೆದು, ಬೆಳ್ಳಿಯ ಗುಗ್ಗೆಕಡ್ಡಿಯಿಂದ ಕಿವಿಯನ್ನು ಬಳಿದುಕೊಳ್ಳುತ್ತಿದ್ದರು. ಅವರ ತಂದೆಯ ಕಾಲದ ಕಡ್ಡಿ ಅದು. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಸಾಸಿವೆ ಹಿಡಿಯುವಷ್ಟು ಚಿಕ್ಕ ಸೌಟು. ಬಳಿದಾದ ಮೇಲೆ ಪಂಚೆಯ ಅಂಚಿಗೆ ಒರೆಸಿ, ನಡುಮನೆಯ ಕನ್ನಡಿಯ ಕೆಳಗಿನ ಮೊಳೆಗೆ ನೇತುಹಾಕುತ್ತಿದ್ದರು. ನನ್ನ ಎಲೆಗೆ ನೀರು ಚಿಮುಕಿಸುವ ಮನೆಯಲ್ಲಿ ಆ ಕಡ್ಡಿಯನ್ನು ಯಾರೂ ತೊಳೆಯುತ್ತಿರಲಿಲ್ಲ. ಒಂದು ದಿನ ನನಗೆ ತಡೆಯಲಾಗಲಿಲ್ಲ.

'ಅಲ್ಲಾ ಅಮ್ನೋರೆ, ನನ್ ಎಲೆಗೆ ಮೈಲ್ಗೆ, ಆ ಕಡ್ಡಿಗಿಲ್ವಾ?' ಎಂದು ಕೇಳಿದೆ.

'ಬೆಳ್ಳಿ ಕಣೇ ಪುಟ್ಟತಾಯಿ. ಬೆಳ್ಳಿಗೆ ಎಲ್ಲಿಯ ಮೈಲಿಗೆ?' ಎಂದರು. ಅವರ ಅತ್ತೆ ಹಾಗೆ ಹೇಳಿಕೊಟ್ಟಿದ್ದರು, ಅತ್ತೆಗೆ ಅವರ ಅತ್ತೆ. ನಾನೂ ನಕ್ಕು ಬಂದೆ.

ಸಂಸ್ಥಾನ ಹೋಗಿ ಸರಕಾರ ಬಂದ ಹೊಸತು ಅದು. ಅರಮನೆ ಕಚೇರಿಯಲ್ಲಿ ಯಾರ ಕೆಲಸ ಉಳಿಯುತ್ತದೋ, ಯಾರನ್ನು ಮನೆಗೆ ಕಳಿಸುತ್ತಾರೋ ಎಂದು ಎಲ್ಲರಿಗೂ ಎದೆ ಢವಢವ. ಕೆಲಸ ಇರುವಾಗಲೇ ದೊಡ್ಡವಳ ಮದುವೆ ಮುಗಿಸಿಬಿಡಬೇಕು ಎಂದು ಅಯ್ಯನವರು ಜಾತಕ ಹಿಡಿದು ಓಡಾಡಿದರು. ನಾಗಮಣಿ ನೋಡಲು ಲಕ್ಷಣವಾಗಿದ್ದಳು. ನನ್ನನ್ನು 'ಅಕ್ಕಾ' ಎನ್ನುತ್ತಿದ್ದಳು, ಅಮ್ಮ ಅತ್ತ ತಿರುಗಿದಾಗ ನನ್ನ ಸಂಚಿಯಿಂದ ಅಡಕೆ ಕದಿಯುತ್ತಿದ್ದಳು. ಇದ್ದ ಕೊರತೆ ಒಂದೇ. ಮೂಗಿನ ಮೇಲೆ, ಹೊಳ್ಳೆಯ ಮಡಿಕೆಯಲ್ಲಿ ಕಪ್ಪು ಚುಕ್ಕೆಗಳು. ವಾರ ವಾರ ತಲೆಗೆ ಒತ್ತುವ ಹರಳೆಣ್ಣೆಯನ್ನು ಮುಖಕ್ಕೂ ಬಳಿಯುತ್ತಿದ್ದರಲ್ಲ, ಆ ಜಿಡ್ಡು ಕೂತು ಕೂತು ಕಪ್ಪಗಾಗಿತ್ತು. ಕೈಯಿಂದ ಸವರಿದರೆ ತರಿತರಿ.

ಮೊದಲು ಬಂದ ಗಂಡಿನ ಕಡೆಯವರಲ್ಲಿ ಒಬ್ಬ ಮುದುಕಿ ಹುಡುಗಿಯ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, 'ಮೂಗಿನ ಮೇಲೆ ಎಳ್ಳು ಚೆಲ್ಲಿದ ಹಾಗಿದೆಯಲ್ಲ' ಎಂದುಬಿಟ್ಟಳು. ಹೆಣ್ಣು ನೋಡಲು ಬಂದಿದ್ದಳೋ ಹಸು ಕೊಳ್ಳಲು ಬಂದಿದ್ದಳೋ! ಸಂಬಂಧ ಮುರಿದುಬಿತ್ತು. ನಾಗಮಣಿ ಎರಡು ದಿನ ಊಟ ಮಾಡಲಿಲ್ಲ.

ಎರಡನೆಯ ಸಂಬಂಧ ಬಂತು. ನಾಳೆ ಬರುತ್ತಾರೆ ಎಂದಾಗ ವೇದಮ್ಮ ಮಗಳಿಗೆ ಎಣ್ಣೆ ನೀರು ಹಾಕಿ, ನಡುಮನೆಯ ಕನ್ನಡಿಯ ಮುಂದೆ ಕೂರಿಸಿಕೊಂಡರು. ಉಗುರು ತಾಗಿದರೆ ವಿಷ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಉಗುರು ಮುಟ್ಟಿಸಲಿಲ್ಲ. ಮೊಳೆಯಿಂದ ಬೆಳ್ಳಿಯ ಕಡ್ಡಿ ತೆಗೆದರು. ಶುದ್ಧವಾದ ಬೆಳ್ಳಿ, ಸೌಟಿನ ತುದಿ ಬೇರೆ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಸೆರಗಿಗೆ ಒರೆಸಿ, ಒಂದೊಂದು ಚುಕ್ಕೆಯ ಮೇಲೂ ಇಟ್ಟು ಒತ್ತಿದರು. ನಾನು ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಶಾವಿಗೆಯ ಎಳೆಯ ಹಾಗೆ ಬಿಳಿಯ ಜಿಡ್ಡು, ತುದಿಗೆ ಕಪ್ಪು, ಹೊರಗೆ ಬರುತ್ತಿತ್ತು. ಹೊಳ್ಳೆಯ ಮಡಿಕೆಯಲ್ಲಿ ಒಂದು ಮಾತ್ರ ಹಟ ಹಿಡಿಯಿತು. ಬಲವಾಗಿ ಒತ್ತಿದಾಗ ರಕ್ತ ಬಂತು.

'ಅಮ್ಮಾ, ಉರಿ!'

'ಇನ್ನೊಂದೇ ಒಂದು ಕಣೇ, ಮುಗೀತು' ಎಂದು ಅರಿಶಿನ ಒತ್ತಿದರು.

ಮಾರನೆಯ ದಿನ ಮೂಗು ಸ್ವಲ್ಪ ಕೆಂಪಗಿತ್ತು ಅಷ್ಟೆ. ನಾಚಿಕೆಯ ಕೆಂಪು ಎಂದು ಗಂಡಿನ ಕಡೆಯವರು ತಮಾಷೆ ಮಾಡಿದರು, ಉಪ್ಪಿಟ್ಟು ತಿಂದರು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೊರಟರು. ಆಮೇಲೆ ಶುರುವಾಯಿತು ನೋಡಿ. ಮೂಗು ಊದಿತು, ಮೇಲ್ತುಟಿ ಊದಿತು, ಚಳಿಜ್ವರ ಹತ್ತಿತು. ದೃಷ್ಟಿ ತಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ಅಕ್ಕಿಹಿಟ್ಟಿನ ಬಿಸಿ ಪಟ್ಟು ಹಾಕಿದರು, ಕೀವು ಇಳಿಯಲಿ ಎಂದು ಮತ್ತೊಮ್ಮೆ ಒತ್ತಿದರು. ಕಣ್ಣು ಮುಚ್ಚಿಹೋಗಿ ಹುಡುಗಿ ಏನೇನೋ ಬಡಬಡಿಸತೊಡಗಿದಾಗ ಕಚೇರಿಯಿಂದ ಅಯ್ಯನವರನ್ನು ಕರೆಸಿ ಜಟಕಾ ಹತ್ತಿದೆವು. ನಾಗಮಣಿಯ ತಲೆ ನನ್ನ ತೊಡೆಯ ಮೇಲಿತ್ತು. ಮಡಿಯ ವೇದಮ್ಮ ನನಗೆ ಒತ್ತಿಕೊಂಡೇ ಕೂತಿದ್ದರು, ಅದು ಅವರ ಗಮನಕ್ಕೇ ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿ ಮುಖ ಚಿಕ್ಕದು ಮಾಡಿಕೊಂಡರು. ಪೆನಿಸಿಲಿನ್ ಕೊಟ್ಟರು. ಇನ್ನೊಂದು ಔಷಧಿಗೆ ಚೀಟಿ ಬರೆದು ಅಯ್ಯನವರನ್ನು ಹೊರಗಿನ ಅಂಗಡಿಗೆ ಓಡಿಸಿದರು. ಅವರು ಹೋದ ಮೇಲೆ ವೇದಮ್ಮನನ್ನು ಕೇಳಿದರು.

'ಮೂಗನ್ನ ಏನಾದ್ರೂ ಒತ್ತಿದ್ರಾ ತಾಯಿ?'

'ಹೌದು. ಬೆಳ್ಳಿಯ ಗುಗ್ಗೆಕಡ್ಡಿಯಿಂದ.'

'ಆ ಕಡ್ಡೀನ ಬೇರೆ ಯಾರಾದ್ರೂ ಉಪಯೋಗಿಸ್ತಾರಾ?'

'ನಮ್ಮ ಯಜಮಾನರು. ಅವರ ಕಿವಿ ಸೋರುತ್ತೆ' ಎಂದರು ವೇದಮ್ಮ. ತಾವು ಏನು ಹೇಳಿದೆವು ಎಂಬುದು ಅವರಿಗೆ ಆಗಲೇ ತಿಳಿಯಿತು.

ಡಾಕ್ಟರು ಗದರಲಿಲ್ಲ. 'ಒತ್ತಿದ್ದೇ ತಪ್ಪು. ಮೂಗು, ಮೇಲ್ತುಟಿ ಈ ಜಾಗದ ರಕ್ತನಾಳಗಳು ತಲೆಯೊಳಕ್ಕೆ ಹೋಗಿ ಸೇರುತ್ತವೆ. ಗಾಯಕ್ಕೆ ಕಿವಿಯ ಕೀವೂ ಸೇರಿರಬೇಕು. ನಂಜು ಒಳಗೆ ಏರಿದೆ' ಎಂದರು.

ವೇದಮ್ಮ ಅವರ ಮುಂದೆ ಕೈ ಮುಗಿದರು. ಮಗಳನ್ನು ಉಳಿಸಿ ಎಂದು ಕೇಳುತ್ತಾರೆ ಅಂದುಕೊಂಡೆ. 'ಕಿವಿಯ ವಿಷಯ ಅವರಿಗೆ ಹೇಳಬೇಡಿ. ನಿಮ್ಮ ದಮ್ಮಯ್ಯ' ಎಂದರು.

ಅಷ್ಟರಲ್ಲಿ ಅಯ್ಯನವರು ಏದುಸಿರು ಬಿಡುತ್ತಾ ಬಂದರು. 'ಏನಂದ್ರು? ಹೇಗಾಯ್ತಂತೆ?'

'ನಾನೇ ಕಣ್ರೀ' ಎಂದರು ವೇದಮ್ಮ. 'ತಲೆಪಿನ್ನಿನಿಂದ ಮೂಗು ಒತ್ತಿಬಿಟ್ಟೆ. ಅದರಿಂದ ಆಯ್ತು.'

ವರಾಂಡಕ್ಕೆ ಬಂದ ಮೇಲೆ ವೇದಮ್ಮ ನನ್ನ ಮುಂಗೈ ಹಿಡಿದುಕೊಂಡರು. ಅವರು ನನ್ನನ್ನು ಕೈಯಾರೆ ಮುಟ್ಟಿದ್ದು ಅದೇ ಮೊದಲು.

'ನಿನ್ನ ಬಾಯಿಂದ ಇದು ಬರಕೂಡದು ಪುಟ್ಟತಾಯಿ. ದಸರಾ ಸವಾರಿ ನೋಡೋಕೆ ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋದವರು ಅವರು. ಇದು ಗೊತ್ತಾದ್ರೆ ಉಳಿಯಲ್ಲ. ಹೊರೋಕೆ ಒಬ್ಬಳು ಸಾಕು, ಇಬ್ಬರೂ ಯಾಕೆ?'

'ಆಯ್ತು ಬುಡಿ ಅಮ್ನೋರೆ' ಎಂದೆ. ಇನ್ನೇನು ಹೇಳಲಿ?

ನಾಗಮಣಿ ಉಳಿಯಲಿಲ್ಲ. ಅವಳನ್ನು ಮನೆಗೆ ತಂದು ಜಗುಲಿಯ ಮೇಲೆ ಮಲಗಿಸಿದ್ದಾಗ ಅಂಚೆಯವನು ಬಂದ. ಗಂಡಿನ ಕಡೆಯವರ ಕಾಗದ. ಹುಡುಗಿ ಒಪ್ಪಿಗೆಯಾಗಿದ್ದಾಳೆ, ಮುಹೂರ್ತ ನೋಡಿಸಿ ಎಂದು ಬರೆದಿದ್ದರು. ಓದಿದವರು ಯಾರೋ ಮೆಲ್ಲಗೆ ಮಡಿಸಿ ಅಯ್ಯನವರ ಜೇಬಿಗೆ ಇಟ್ಟರು. ಶಿವನೇ, ಶತ್ರುವಿಗೂ ಬೇಡ ಅಂಥ ಮಧ್ಯಾಹ್ನ.

ಅಲ್ಲಿಂದ ವೇದಮ್ಮನ ಬಾಳು ಏನಾಯಿತು ಎಂಬುದನ್ನು ಗೋಡೆಯ ಈಚೆಯಿಂದ ನಾನು ಕೇಳಿದ್ದೇನೆ. ಅಯ್ಯನವರು ಕೆಟ್ಟವರಲ್ಲ. ಆದರೆ ದುಃಖ ಉಕ್ಕಿದಾಗ ಬಾಯಿಗೆ ಬಂದದ್ದು ಆಡುವರು. ಸಾರಿಗೆ ಉಪ್ಪು ಹೆಚ್ಚಾದರೂ ಮಾತು ಅಲ್ಲಿಗೇ ಬರುವುದು. 'ಮಗಳನ್ನೇ ತಿಂದವಳು, ನಿನಗೆ ಉಪ್ಪೇನು ಲೆಕ್ಕ' ಎನ್ನುವರು. ವೇದಮ್ಮ ಉತ್ತರ ಕೊಡುತ್ತಿರಲಿಲ್ಲ. ನನಗೆ ಗೋಡೆ ಒಡೆದು ಹೋಗಿ ಕೂಗಿಬಿಡಬೇಕು ಅನ್ನಿಸುತ್ತಿತ್ತು. ಹಲ್ಲು ಕಚ್ಚಿಕೊಂಡು ನಮ್ಮ ಮನೆಯ ಪಾತ್ರೆಗಳನ್ನು ಕುಕ್ಕುತ್ತಿದ್ದೆ, 'ಪಾತ್ರೆ ಏನ್ ಮಾಡ್ತಮ್ಮಿ ನಿಂಗೆ?' ಎಂದು ನಮ್ಮ ಯಜಮಾನರು ಬೈಯುತ್ತಿದ್ದರು.

ಇಷ್ಟರ ನಡುವೆ ಆ ಕಡ್ಡಿ ಅದೇ ಮೊಳೆಯಲ್ಲೇ ತೂಗುತ್ತಿತ್ತು. ತೆಗೆದಿಟ್ಟರೆ ಯಾಕೆ ಎಂದು ಅಯ್ಯನವರು ಕೇಳುತ್ತಾರಲ್ಲ! ಅವರು ಕಚೇರಿಗೆ ಹೊರಟ ಮೇಲೆ ವೇದಮ್ಮ ಅದನ್ನು ಕುದಿಯುವ ನೀರಿಗೆ ಹಾಕಿ, ಇಕ್ಕಳದಿಂದ ತೆಗೆದು, ಒರೆಸಿ, ಮತ್ತೆ ನೇತುಹಾಕುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ.

ಸೂತಕ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಜೊತೆ ಮಾಡಿಕೊಂಡು ಅದೇ ಡಾಕ್ಟರ ಹತ್ತಿರ ಹೋದರು. ಬೆಂಚಿನ ಮೇಲೆ ರೋಗಿಗಳ ಜೊತೆ ಕೂತು, ಸರದಿ ಬಂದಾಗ ಕೇಳಿದ್ದು ಒಂದೇ. 'ಹಾಗಾದರೆ ಅದನ್ನ ಹೇಗೆ ತೆಗೀಬೇಕಿತ್ತು?'

ಡಾಕ್ಟರು ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಮುಖಕ್ಕೆ ಎಣ್ಣೆ ಬಳಿಯಬಾರದು. ಮೊದಲು ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಬೇಕು. ಶುಭ್ರವಾದ ಬಟ್ಟೆಯನ್ನು ಹದವಾದ ಬಿಸಿನೀರಲ್ಲಿ ಅದ್ದಿ ಹಿಂಡಿ ಮೂಗಿನ ಮೇಲೆ ಇಡಬೇಕು, ಸುಡಬಾರದು. ಚರ್ಮ ಮೆತ್ತಗಾದ ಮೇಲೆ ಸೋಪಿನ ನೊರೆಯಿಂದ ಮೆಲ್ಲಗೆ ಸವರಿ ತೊಳೆದು, ಒತ್ತಿ ಒರೆಸಬೇಕು, ಉಜ್ಜಬಾರದು. ವಾರಗಟ್ಟಲೆ ಹೀಗೆ ಮಾಡಿದರೆ ತಾನಾಗಿ ಕಡಿಮೆಯಾಗುತ್ತದೆ. ಉಗುರು, ಪಿನ್ನು, ಕಡ್ಡಿ ಯಾವುದೂ ಕೂಡದು. ಗುಳ್ಳೆ ಕೆಂಪಾದರೆ, ಊದಿದರೆ ಮುಟ್ಟದೆ ಆಸ್ಪತ್ರೆಗೆ ಬರಬೇಕು.

'ಆಮೇಲೂ ಹೋಗದೆ ಉಳಿದರೆ?' ಎಂದರು ವೇದಮ್ಮ.

'ಉಳೀಲಿ ಬಿಡಿ ತಾಯಿ. ಅದರಿಂದ ಯಾರೂ ಸಾಯಲ್ಲ' ಎಂದರು ಡಾಕ್ಟರು. ಹೇಳಿದ ಮೇಲೆ ಅವರೇ ತಲೆ ತಗ್ಗಿಸಿದರು.

ಅಂದಿನಿಂದ ಬೀದಿಯಲ್ಲಿ ಯಾವ ಹುಡುಗಿ ಮೂಗು ಹಿಸುಕಿಕೊಳ್ಳುತ್ತಿರುವುದು ಕಂಡರೂ ವೇದಮ್ಮ ಓಡಿಹೋಗಿ ಕೈ ಹಿಡಿಯುತ್ತಿದ್ದರು. 'ಮುಟ್ಟಬೇಡ ಕಣಮ್ಮ, ನಾನು ತೊಳೆದುಕೊಡ್ತೀನಿ.' ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡು ದಢಾರನೆ ಬಾಗಿಲು ಹಾಕುತ್ತಿದ್ದರು. ತಲೆ ಕೆಟ್ಟಿದೆ ಎಂದರು. ಕೈಗುಣ ಸರಿಯಿಲ್ಲ ಎಂದರು. ನಾನು ಸುಮ್ಮನಿರುವವಳೇ? 'ನನ್ ತಂಗೀನೇ ಕರ್ಕಂಬತ್ತೀನಿ, ಅಮ್ನೋರು ನಮ್ ಹಿತ್ಲಲ್ಲಿ ಮಾಡ್ಲಿ, ಅದೆಂಗೆ ಸಾಯ್ತಾಳೋ ನೋಡೇಬುಡ್ತೀನಿ' ಎಂದು ನಲ್ಲಿಯ ಹತ್ತಿರ ಸೊಂಟಕ್ಕೆ ಕೈಕೊಟ್ಟು ಕೂಗಿದೆ. ಹಾಗೆ ನಮ್ಮ ಹಿತ್ತಿಲಲ್ಲಿ ಶುರುವಾಯಿತು. ನನ್ನ ಎಲೆಗೆ ನೀರು ಚಿಮುಕಿಸುತ್ತಿದ್ದ ವೇದಮ್ಮ ನನ್ನ ಹಂಡೆಯ ನೀರಿಗೆ ಕೈ ಹಾಕಿದರು. ಮುಖ ತೊಳೆಸಿಕೊಂಡ ಹುಡುಗಿಯರು ಕನ್ನಡಿ ನೋಡಿಕೊಂಡು ನಗುವಾಗ ಅವರು ನಗುತ್ತಿರಲಿಲ್ಲ. ಮರುದಿನವೂ ಹೋಗಿ ಜ್ವರವಿಲ್ಲ ತಾನೇ ಎಂದು ಹಣೆ ಮುಟ್ಟಿ ನೋಡಿ ಬರುತ್ತಿದ್ದರು.

ಚಂದ್ರಮತಿ ಬೆಳೆದು ನಿಂತಳು. ಅಕ್ಕನದೇ ಚರ್ಮ, ಅದೇ ಮೂಗು, ಅದೇ ಚುಕ್ಕೆಗಳು. ಹೈಸ್ಕೂಲು ಮೇಷ್ಟರು ಬಿಂದುಮಾಧವ ಎಂಬ ವರನ ಸಂಬಂಧ ಬಂತು. ಅಯ್ಯನವರ ಕೆಲಸ ಅಷ್ಟರಲ್ಲಿ ಹೋಗಿಯಾಗಿತ್ತು, ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 'ಇದೊಂದು ಆಗಿಬಿಟ್ಟರೆ ನಾನು ಗೆದ್ದೆ' ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. ವೇದಮ್ಮ ವಾರಗಟ್ಟಲೆ ಬಿಸಿಬಟ್ಟೆ ಇಟ್ಟು ಮಗಳ ಮುಖ ತೊಳೆದರು. ಬಹಳ ಮಟ್ಟಿಗೆ ಹೋಯಿತು. ಹೊಳ್ಳೆಯ ಮಡಿಕೆಯಲ್ಲಿ ನಾಲ್ಕಾರು ಉಳಿದವು.

ಗಂಡಿನ ಕಡೆಯವರು ಬರುವ ದಿನ ಬೆಳಿಗ್ಗೆ ನಾನು ತಾಂಬೂಲದ ಎಲೆ ತೆಗೆದುಕೊಂಡು ಹೋದೆ. ಅಯ್ಯನವರು ಹೂವು ಹಣ್ಣಿಗೆ ಮಾರುಕಟ್ಟೆಗೆ ಹೋಗಿದ್ದರು. ವೇದಮ್ಮ ಅಡುಗೆಮನೆಯಿಂದ ಹೊರಗೆ ಬಂದವರು ಹಾಗೇ ನಿಂತುಬಿಟ್ಟರು. ನಡುಮನೆಯಲ್ಲಿ ಚಂದ್ರಮತಿ ಕನ್ನಡಿಗೆ ಮುಖ ತಾಗಿಸಿಕೊಂಡು ನಿಂತಿದ್ದಳು. ಕೈಯಲ್ಲಿ ಬೆಳ್ಳಿಯ ಕಡ್ಡಿ, ಸೌಟಿನ ತುದಿ ಹೊಳ್ಳೆಯ ಮೇಲೆ. ಅಯ್ಯನವರು ಕಿವಿ ಬಳಿದುಕೊಂಡು ಆಗ ತಾನೇ ನೇತುಹಾಕಿ ಹೋಗಿದ್ದ ಕಡ್ಡಿ ಅದು, ಇನ್ನೂ ಕುದಿಸಿರಲಿಲ್ಲ.

ವೇದಮ್ಮ ಹೋಗಿ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಡ್ಡಿ ತೆಗೆದುಕೊಂಡರು. ಮೂಗನ್ನು ಬೆಳಕಿಗೆ ತಿರುಗಿಸಿ ನೋಡಿದರು. ಚರ್ಮ ಕಿತ್ತಿರಲಿಲ್ಲ. ಸೋಪು ಹಚ್ಚಿ ಮತ್ತೆ ಮತ್ತೆ ತೊಳೆದರು.

'ನಾಲ್ಕೇ ನಾಲ್ಕು ಇತ್ತಮ್ಮ. ಬೇಡ ಅಂದುಬಿಟ್ರೆ ಅಪ್ಪ ಏನಾಗ್ತಾರೆ?' ಎಂದು ಹುಡುಗಿ ಅತ್ತಳು.

ವೇದಮ್ಮ ಕಡ್ಡಿಯನ್ನು ನನ್ನ ಕೈಗೆ ತುರುಕಿದರು. 'ಅಕ್ಕಸಾಲಿ ಹತ್ತಿರ ಹೋಗು ಪುಟ್ಟತಾಯಿ. ಕರಗಿಸಿಬಿಡು ಅನ್ನು. ನಿನ್ನ ಕಣ್ಣೆದುರಿಗೇ ಕರಗಿಸಲಿ.'

ಕರಗಿಸಿದೆ. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ ಗುಂಡು ಉಳಿಯಿತು. ಎಲೆಯಲ್ಲಿ ಸುತ್ತಿಕೊಂಡು ಮಧ್ಯಾಹ್ನ ಅವರ ಮನೆಗೆ ಬಂದೆ. ಅಷ್ಟರಲ್ಲಿ ಗಂಡಿನ ಕಡೆಯವರು ಬಂದು ನೋಡಿ ಹೋಗಿಯಾಗಿತ್ತು. ಹುಡುಗನ ತಾಯಿ ಹೊಸ್ತಿಲು ದಾಟುವಾಗಲೇ ಹೇಳಿ ಹೋಗಿದ್ದಳು, 'ಮೂಗು ನೋಡಿದ್ರೆ ನಮ್ಮ ಹುಡುಗ ಒಪ್ಪಲ್ಲ ಕಣ್ರೀ.'

ಅಯ್ಯನವರು ನಡುಮನೆಯಲ್ಲಿ ನಿಂತು ಕೂಗಾಡುತ್ತಿದ್ದರು. 'ಒಬ್ಬಳನ್ನ ಒತ್ತಿ ಕೊಂದೆ. ಇನ್ನೊಬ್ಬಳನ್ನ ಒತ್ತದೆ ಕೆಡಿಸಿದೆ. ನಿನ್ನ ಕೈಯಲ್ಲಿ ಏನಿದೆಯೇ, ಶನಿಯಾ?'

'ಬೇಡ ಅಂದ್ರೆ ಅನ್ನಲಿ. ಹುಡುಗಿ ಇದ್ದಾಳಲ್ಲ' ಎಂದರು ವೇದಮ್ಮ. ಅಷ್ಟು ವರ್ಷಗಳಲ್ಲಿ ಗಂಡನಿಗೆ ಅವರು ಕೊಟ್ಟ ಮೊದಲ ಉತ್ತರ ಅದು.

ಅಯ್ಯನವರು ಕೈ ಎತ್ತಿದರು. ಚಂದ್ರಮತಿ ನಡುವೆ ಬಂದಳು. 'ಅಮ್ಮನ್ನ ಬೈಬೇಡಿ ಅಪ್ಪಾ. ನಾನೇ ಬೆಳಿಗ್ಗೆ ನಿಮ್ಮ ಗುಗ್ಗೆಕಡ್ಡಿಯಿಂದ ಒತ್ತಿಕೊಳ್ಳೋಕೆ ಹೋಗಿದ್ದೆ. ಅಮ್ಮ ಕಿತ್ಕೊಂಡು ಕರಗಿಸೋಕೆ ಕೊಟ್ಟಳು. ಅಕ್ಕನಿಗೆ ಒತ್ತಿದ್ದೂ ಅದರಿಂದಲೇ. ನಾನು ನೋಡಿದ್ದೆ.'

ಅಯ್ಯನವರ ಎತ್ತಿದ ಕೈ ಹಾಗೇ ನಿಂತಿತು. ಬರಿದಾದ ಮೊಳೆಯನ್ನು ನೋಡಿದರು. ಆ ಕೈ ನಿಧಾನವಾಗಿ ಎಡಗಿವಿಯ ಹತ್ತಿಯ ಮೇಲೆ ಬಂತು.

'ಪಿನ್ನು ಅಂದಿದ್ದೆಯಲ್ಲ ವೇದಾ.'

'ಪಿನ್ನೇ ಕಣ್ರೀ. ಇವಳು ಆಗ ಚಿಕ್ಕವಳು, ಇವಳಿಗೇನು ಗೊತ್ತು?' ಎಂದರು ವೇದಮ್ಮ.

ಅಯ್ಯನವರು ನನ್ನ ಕಡೆಗೆ ತಿರುಗಿದರು. 'ನೀನು ಆಸ್ಪತ್ರೆಯಲ್ಲಿ ಇದ್ದೆಯಲ್ಲ ಪುಟ್ಟತಾಯಮ್ಮ. ನೀನು ಹೇಳು.'

'ಪಿನ್ನು, ಅಯ್ನೋರೆ' ಎಂದೆ.

ಅಷ್ಟೇ ಹೇಳಿದ್ದು. ನಾನು ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ನಿಲ್ಲಿಸಿದ್ದನ್ನು ಅವರು ಅದುವರೆಗೆ ಕಂಡಿರಲಿಲ್ಲ. ನನ್ನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಗೋಡೆಗೆ ಬೆನ್ನು ಕೊಟ್ಟು ಹಾಗೇ ಕುಸಿದು ಕೂತರು. ಕಿವಿಯ ಹತ್ತಿಯನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಾ ಇದ್ದರು.

'ಇಷ್ಟು ವರ್ಷ ನಿನ್ನನ್ನ ಏನೇನೆಲ್ಲಾ ಅಂದುಬಿಟ್ಟೆ ವೇದಾ.'

'ನೀವೇನೂ ಅನ್ನಲಿಲ್ಲ. ಏಳಿ, ಸಾರು ಆರಿಹೋಗುತ್ತೆ' ಎಂದರು ವೇದಮ್ಮ.

ಅಯ್ಯನವರು ಎದ್ದು ಎಲೆಯ ಮುಂದೆ ಕೂತರು. ವೇದಮ್ಮ ಬಡಿಸಿದರು. ಕಲಸಿದ ಅನ್ನ ಎಲೆಯಲ್ಲೇ ಉಳಿಯಿತು. ಆ ದಿನದಿಂದ ಗೋಡೆಯ ಆಚೆ ಬೈಗುಳ ಒಂದು ದಿನವೂ ಕೇಳಲಿಲ್ಲ, ಮಾತೂ ಕೇಳಲಿಲ್ಲ. ಕಿವಿಗೆ ಔಷಧಿ ಬೇಡ ಎಂದರು, ಡಾಕ್ಟರ ಹತ್ತಿರ ಬರುವುದಿಲ್ಲ ಎಂದರು, ಕೀವು ಕುತ್ತಿಗೆಗೆ ಇಳಿದರೂ ಒರೆಸಿಕೊಳ್ಳುತ್ತಿರಲಿಲ್ಲ. ವೇದಮ್ಮನೇ ಪಕ್ಕದಲ್ಲಿ ಕೂತು ಬಿಸಿನೀರ ಬಟ್ಟೆಯಿಂದ ಒರೆಸುತ್ತಿದ್ದರು. ಚಂದ್ರಮತಿಯ ಮದುವೆಯನ್ನು ಅಯ್ಯನವರು ನೋಡಲಿಲ್ಲ. ಮುಂದಿನ ಕಾರ್ತೀಕಕ್ಕೆ ಅವರು ಇರಲಿಲ್ಲ. ಅವರು ಹೋದ ಮೇಲೂ ವೇದಮ್ಮ ನನ್ನ ಬಾಯಿಯ ಬೀಗ ತೆಗೆಯಲಿಲ್ಲ.